ಪಕ್ಕದ ಸೀಟಿನ ಬ್ರೇಕು

ಮಾರ್ಚ್ 3, ಸೋಮವಾರ

ಹೃದಯದ ಡಾಕ್ಟರು ನನ್ನ ಎದೆಗೆ ವೈರು ಅಂಟಿಸಿ, ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ಓಡಿಸಿ, ಕೊನೆಗೆ “ನಿಮ್ಮ ಹೃದಯ ನನ್ನದಕ್ಕಿಂತ ಚೆನ್ನಾಗಿದೆ” ಅಂದರು. ಹಾಗಾದರೆ ನೀವು ಮಲಗಿ, ನಾನು ನೋಡುತ್ತೇನೆ ಅನ್ನಬೇಕೆನಿಸಿತು. “ಬಂದಾಗೆಲ್ಲ ಬರೆದಿಡಿ. ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ನಿಮಿಷ” ಎಂದು ಹೇಳಿ ಕಳಿಸಿದರು.

ಸರಿ, ಬರೆದಿಡುತ್ತೇನೆ. ಅರ್ಜಿ ತುಂಬಿ ತುಂಬಿ ಕೈ ಪಳಗಿದೆ, ಇಲ್ಲೂ ತುಂಬುತ್ತೇನೆ. ವಯಸ್ಸು: ನಲವತ್ತಾರು. ಕೆಲಸ: ಹತ್ತೊಂಬತ್ತು ವರ್ಷದಿಂದ ಅಣ್ಣನ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವುದು. ಕೂರುವ ಜಾಗ: ಚಾಲಕರ ಪಕ್ಕದ ಸೀಟು. ನನ್ನ ಕಾಲ ಹತ್ತಿರವೂ ಒಂದು ಕ್ಲಚ್ಚು, ಒಂದು ಬ್ರೇಕು. ಸ್ಟಿಯರಿಂಗ್ ಮಾತ್ರ ಇಲ್ಲ. ಕಾಯಿಲೆ: ಗೊತ್ತಿಲ್ಲ.

ಬರುವುದು ಹೀಗೆ. ಮೊದಲು ಎದೆ ಡವಡವ. ಆಮೇಲೆ ಬೆರಳ ತುದಿ, ತುಟಿಯ ಸುತ್ತ ಜುಮ್ಮೆನ್ನುತ್ತದೆ. ಎದುರಿನ ರಸ್ತೆ ಎರಡು ಹೆಜ್ಜೆ ದೂರ ಸರಿದಂತೆ ಕಾಣುತ್ತದೆ. ಆಮೇಲೆ ಭಯ. ಏನಕ್ಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ, ಈಗಲೇ ಏನೋ ಆಗಿಬಿಡುತ್ತದೆ ಅಷ್ಟೆ. ಆರೇಳು ನಿಮಿಷಕ್ಕೆ ಹೋಗುತ್ತದೆ, ನನ್ನನ್ನು ಹಿಂಡಿದ ಬಟ್ಟೆ ಮಾಡಿಟ್ಟು. ಜನವರಿ ಕೊನೆಯಿಂದ ಶುರುವಾಗಿದೆ. ಗ್ಯಾರೇಜಿಗೆ ಒಯ್ದ ಕೂಡಲೇ ಗಾಡಿಯ ಸದ್ದು ನಿಂತುಬಿಡುತ್ತದಲ್ಲ, ಹಾಗೆ ಡಾಕ್ಟರ ಮುಂದೆ ಮಾತ್ರ ಇದು ಬರುವುದಿಲ್ಲ.

ಗಡುವು: ಏಪ್ರಿಲ್ 30. ಅವತ್ತು ನನ್ನ ಕಲಿಸುವ ಪರವಾನಗಿ ಮುಗಿಯುತ್ತದೆ. ನವೀಕರಣದ ಅರ್ಜಿಯ ಒಂಬತ್ತನೇ ಪ್ರಶ್ನೆ: ಕಳೆದ ಹನ್ನೆರಡು ತಿಂಗಳಲ್ಲಿ ತಲೆಸುತ್ತು, ಎದೆಬಡಿತ, ಹಠಾತ್ತನೆ ಅಸ್ವಸ್ಥತೆ ಉಂಟಾಗಿದೆಯೇ? ಹೌದು ಅಥವಾ ಇಲ್ಲ. ಹೌದು ಎಂದರೆ ಆ ಸೀಟು ಹೋಗಬಹುದು. ಆ ಸೀಟು ಬಿಟ್ಟರೆ ನನಗೆ ಬೇರೆ ಕೆಲಸ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅಷ್ಟರೊಳಗೆ ಇದು ಏನು ಎಂದು ಕಂಡುಹಿಡಿದು, ರಿಪೇರಿ ಮಾಡಿಸಿ, ಧೈರ್ಯವಾಗಿ “ಇಲ್ಲ” ಎಂದು ಗುರುತು ಹಾಕುವುದು. ಇದು ತೀರ್ಮಾನ.

ಮಾರ್ಚ್ 4, ಮಂಗಳವಾರ

11.20. ದೊಡ್ಡ ವೃತ್ತ. ಕಲಿಯುವವರು: ಬ್ಯಾಂಕಿನ ಗುಮಾಸ್ತರು. ಎದೆ, ಬೆರಳು, ಭಯ. ಆರು ನಿಮಿಷ. ಅವರಿಗೆ ಗೊತ್ತಾಗಲಿಲ್ಲ. ಏನೂ ಆಗಲಿಲ್ಲ.

4.05. ಮಾರುಕಟ್ಟೆ ರಸ್ತೆ. ಐದು ನಿಮಿಷ. ಏನೂ ಆಗಲಿಲ್ಲ.

ಮಾರ್ಚ್ 6, ಗುರುವಾರ

ಇವರಿಗೆ ಹೇಳಿದ್ದೇ ತಪ್ಪಾಯಿತು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಗಂಡನಿಗೆ ಕಾಯಿಲೆ ಹೇಳಬಾರದು. ಸಂಜೆ ಮೂರು ದಪ್ಪ ಪುಸ್ತಕ ಹೊತ್ತು ತಂದರು. ಮೊದಲನೆಯದರ ಪ್ರಕಾರ ನನಗೆ ರಕ್ತ ಕಡಿಮೆ, ಎರಡನೆಯದರ ಪ್ರಕಾರ ಥೈರಾಯ್ಡು, ಮೂರನೆಯದರ ಪ್ರಕಾರ ನಾನು ಇಷ್ಟು ಹೊತ್ತಿಗೆ ಬದುಕಿರಬಾರದು.

“ನಗಬೇಡ್ರೀ” ಅಂದೆ.

“ನಾನೆಲ್ಲಿ ನಗ್ತಿದೀನಿ? ಪುಟ ಹುಡುಕ್ತಿದೀನಿ.”

ಒಂದೇ ಪುಟವನ್ನು ಮೂರು ಸಲ ತಿರುವಿಹಾಕಿದರು. ನೋಡದ ಹಾಗೆ ಇದ್ದೆ.

ಮೆಕ್ಯಾನಿಕ್ ಮಾಡುವ ಹಾಗೆ ಒಂದೊಂದೇ ಭಾಗ ತೆಗೆದು ನೋಡುವುದು ಎಂದುಕೊಂಡಿದ್ದೇನೆ. ಮೊದಲು ಕಾಫಿ ಬಿಟ್ಟೆ. ಆಮೇಲೆ ರಕ್ತ. ಆಮೇಲೆ ಕಣ್ಣು, ಕಿವಿ. ಒಂದಲ್ಲ ಒಂದರಲ್ಲಿ ಸಿಕ್ಕೇ ಸಿಗುತ್ತದೆ.

ಮಾರ್ಚ್ 11, ಮಂಗಳವಾರ

ರಕ್ತ ನಾರ್ಮಲ್. ಥೈರಾಯ್ಡು ನಾರ್ಮಲ್. ಸಕ್ಕರೆ ನಾರ್ಮಲ್. ಪ್ರಯೋಗಾಲಯದ ಹೆಂಗಸು “ಕಂಗ್ರಾಟ್ಸ್ ಮೇಡಂ” ಅಂತ ಕವರು ಕೊಟ್ಟಳು. ಕಾಫಿ ಬಿಟ್ಟದ್ದಕ್ಕೆ ಸಿಕ್ಕಿದ್ದು ತಲೆನೋವು.

ಇದರ ಮೇಲೆ ಅಣ್ಣನ ಕಾಟ. ಆಫೀಸಿನಲ್ಲಿ ಕೂರಿಸಿಕೊಂಡು ಕಾರ್ಡುಗಳ ಕಟ್ಟು ತೋರಿಸಿದ. ಪ್ರತಿ ಪಾಠ ಮುಗಿದ ಮೇಲೆ ಕಲಿಯುವವರ ಕಾರ್ಡಿನಲ್ಲಿ ತಪ್ಪುಗಳನ್ನು ಬರೆದು ಸಹಿ ಹಾಕುವುದು ನಮ್ಮ ಸ್ಕೂಲಿನ ಪದ್ಧತಿ. ಪರೀಕ್ಷೆಯ ಫಲಿತಾಂಶವೂ ಅದರ ಹಿಂದೆಯೇ ಇರುತ್ತದೆ.

“ಏನಮ್ಮಾ, ನಿನ್ನ ಕೈಗುಣ ಎಲ್ಲಿ ಹೋಯ್ತು? ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಫೇಲು. ಮುಂಚೆ ನಿನ್ನ ಹತ್ರ ಕಲಿತೋರು ಕಣ್ಣು ಮುಚ್ಚಿಕೊಂಡು ಪಾಸಾಗ್ತಿದ್ರು.”

“ಕಣ್ಣು ಮುಚ್ಚಿಕೊಂಡು ಓಡಿಸಿದ್ರೆ ಫೇಲ್ ಮಾಡ್ತಾರೆ ಕಣೋ. ಈ ವರ್ಷ ಬರೋರಿಗೆಲ್ಲ ತಲೆಯಲ್ಲಿ ಕಲ್ಲು ತುಂಬಿದೆ, ನಾನೇನು ಮಾಡ್ಲಿ?”

ಅಣ್ಣ ನಕ್ಕ, ಆದರೆ ಕಾರ್ಡು ಒಳಗಿಡಲಿಲ್ಲ. ಮೇಲಿದ್ದದ್ದು ಟೇಲರಮ್ಮನದು. ಎರಡು ಸಲ ಫೇಲು. ಮೂರನೆಯದು ಏಪ್ರಿಲ್ 24ಕ್ಕೆ. ಅದರಲ್ಲೂ ಹೋದರೆ ಮತ್ತೆ ಆರು ತಿಂಗಳು ಕಾಯಬೇಕು.

ಮಾರ್ಚ್ 14, ಶುಕ್ರವಾರ

ಟೇಲರಮ್ಮನಿಗೆ ಐವತ್ತೆರಡು ವರ್ಷ. ಅಂಗಡಿಯ ಮುಂದೆ ಒಂದು ಹಳೇ ವ್ಯಾನು ನಿಲ್ಲಿಸಿಕೊಂಡಿದ್ದಾರೆ, ಒಳಗೆ ಹೊಲಿಗೆ ಯಂತ್ರ ಕೂರಿಸಿಯೂ ಆಗಿದೆ. ಹಾಸಿಗೆ ಬಿಟ್ಟು ಏಳಲಾಗದವರ ಮನೆಗೇ ಹೋಗಿ, ಅಳತೆ ತೆಗೆದು, ಅಲ್ಲೇ ಹೊಲಿದು ಕೊಟ್ಟು ಬರುವುದು ಅವರ ಯೋಜನೆ. “ಮಲಗಿರೋರಿಗೂ ಮೈಗೆ ಒಪ್ಪೋ ಬಟ್ಟೆ ಬೇಕಲ್ವಾ ಮೇಡಂ? ಎಲ್ಲರೂ ದೊಗಲೆ ಅಂಗಿ ತಂದು ಹಾಕ್ತಾರೆ, ಗೋಣಿಚೀಲದ ಥರ” ಅನ್ನುತ್ತಾರೆ. ದಿನಾ ಬೆಳಿಗ್ಗೆ ವ್ಯಾನಿನ ಗಾಜು ಒರೆಸುತ್ತಾರೆ. ಓಡಿಸಲು ಬರುವುದಿಲ್ಲ.

ಸೋಜಿಗವೆಂದರೆ, ನನ್ನ ಜೊತೆ ಇರುವಾಗ ಚೆನ್ನಾಗಿಯೇ ಓಡಿಸುತ್ತಾರೆ. ಬ್ರೇಕು ಬೆಣ್ಣೆಯ ಹಾಗೆ. ಪರೀಕ್ಷೆಯಲ್ಲಿ ಮಾತ್ರ ಎರಡು ಸಲವೂ ಒಂದೇ ಷರಾ: ಬ್ರೇಕು ತಡ. ಹೆದರಿಕೆ ಬಿಡಿ, ಕಣ್ಣು ದೂರಕ್ಕಿಡಿ ಎಂದು ಇವತ್ತು ಅರ್ಧ ಗಂಟೆ ತಲೆ ತಿಂದೆ. ಪಾಪ, ಕೇಳಿಸಿಕೊಂಡರು.

ವಾಪಸು ಬರುವಾಗ, 5.10ಕ್ಕೆ, ಸೇತುವೆ ದಾಟಿದ ಮೇಲೆ ಬಂತು. ಇಷ್ಟು ಜೋರಾಗಿ ಇದೇ ಮೊದಲು. “ಟೈರಿನ ಸದ್ದು ಬರ್ತಿದೆ, ನಿಲ್ಸಿ” ಅಂದೆ. ಇಳಿದು, ಹಿಂದಿನ ಚಕ್ರದ ಹತ್ತಿರ ಮಂಡಿಯೂರಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಂಟು ನಿಮಿಷ ಕೂತೆ. ಟೇಲರಮ್ಮ ಇಳಿದು ಬಂದು ನಿಂತರು.

“ಟೈರು ಚೆನ್ನಾಗಿದೆಯಾ?”

“ಚೆನ್ನಾಗಿದೆ.”

“ನೀವು?”

“ನಿಲ್ಲಿಸೋವಾಗ ಇಂಡಿಕೇಟರ್ ಹಾಕೋದು ಮರೆತ್ರಿ” ಅಂದೆ.

ಮಾರ್ಚ್ 19, ಬುಧವಾರ

ಕಣ್ಣು ನಾರ್ಮಲ್. ಕಿವಿಯ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಿರುಗಿಸಿದರು, ಅದೂ ನಾರ್ಮಲ್. “ಸ್ವಲ್ಪ ಟೆನ್ಷನ್ ಇರಬಹುದು, ಹೆಂಗಸರಿಗೆ ಈ ವಯಸ್ಸಿನಲ್ಲಿ ಸಹಜ, ಎಲ್ಲಾದರೂ ನಾಲ್ಕು ದಿನ ಹೋಗಿಬನ್ನಿ.” ಸಿಟ್ಟು ನೆತ್ತಿಗೇರಿತು. ನಾಲ್ಕು ದಿನ ಹೋಗಿಬಂದರೆ ಬೆರಳು ಜುಮ್ಮೆನ್ನುವುದು ಅಲ್ಲೇ ಉಳಿದುಕೊಳ್ಳುತ್ತದಾ?

ಇವರು ಕಾರು ತಂದಿದ್ದರು. ದಾರಿಯುದ್ದಕ್ಕೂ ನಿಧಾನ, ಮುಂದೆ ನೋಡಿ, ಆ ಸೈಕಲ್ಲು ನೋಡಿ ಎನ್ನುತ್ತಲೇ ಇದ್ದೆ. “ನೀನೇ ಓಡಿಸು ಹಾಗಾದರೆ” ಎಂದು ಕೀಲಿ ಕೈಗೆ ಕೊಟ್ಟು ಮುಖ ಊದಿಸಿಕೊಂಡು ಪಕ್ಕಕ್ಕೆ ಬಂದು ಕೂತರು. ಇಪ್ಪತ್ತೆರಡು ವರ್ಷದಿಂದ ಒಂದು ಗೀರು ಬೀಳದ ಹಾಗೆ ಓಡಿಸಿದವರು.

ಮನೆಗೆ ಬಂದು ಅರ್ಜಿ ತೆಗೆದೆ. ಒಂಬತ್ತನೇ ಪ್ರಶ್ನೆಗೆ ಪೆನ್ಸಿಲ್ಲಿನಲ್ಲಿ “ಇಲ್ಲ” ಎಂದು ಗುರುತು ಹಾಕಿದೆ. ಎಲ್ಲ ಡಾಕ್ಟರೂ ಇಲ್ಲ ಅನ್ನುತ್ತಿರುವಾಗ ನಾನೊಬ್ಬಳು ಯಾಕೆ ಹೌದು ಎನ್ನಬೇಕು? ಇವರು ಹಿಂದೆ ನಿಂತು ನೋಡಿದರು. ಪುಸ್ತಕ ಎತ್ತಿಕೊಂಡು ಒಳಗೆ ಹೋದರು. ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು.

ಮಾರ್ಚ್ 20, ಗುರುವಾರ

ಎರಡು ಸಲ. ಏನೂ ಆಗಲಿಲ್ಲ.

ಮಾರ್ಚ್ 25, ಮಂಗಳವಾರ

ಅಣ್ಣನಿಗೆ ಹೊಸ ಹುಚ್ಚು. ಕಲಿಸುವವರಿಗೆಲ್ಲ ಒಂದೇ ಬಣ್ಣದ ಕೋಟು. ಟೇಲರಮ್ಮನ ಅಂಗಡಿಗೆ ಅಳತೆ ಕೊಡಲು ಹೋದೆ. ಅಲ್ಲಿ ಅವರು ಬೇರೆಯೇ ಮನುಷ್ಯರು. ಸ್ಟಿಯರಿಂಗ್ ಮುಂದೆ ಮುದುಡಿಕೊಳ್ಳುವ ಹೆಂಗಸು ಟೇಪು ಕೊರಳಿಗೆ ಹಾಕಿಕೊಂಡರೆ ಸಾಕು, ತಿರುಗಿ, ಕೈ ಎತ್ತಿ, ನೆಟ್ಟಗೆ ನಿಲ್ಲಿ ಎಂದು ನನಗೇ ಪಾಠ.

ಎದೆಯ ಅಳತೆ ತೆಗೆಯುವಾಗ “ಉಸಿರು ಬಿಡಿ” ಅಂದರು. ಬಿಟ್ಟೆ. ಟೇಪು ನೋಡಿದರು. “ಬಿಡಿ ಮೇಡಂ.”

“ಬಿಟ್ಟಿದೀನಲ್ಲ.”

“ಎಳ್ಕೊಳ್ಳಿ ನೋಡೋಣ.” ಎಳೆದುಕೊಂಡೆ. “ಈಗ ಬಿಡಿ.”

ಮೂರು ಸಲ ಹೀಗೆ ಮಾಡಿಸಿ ಟೇಪಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದರು. ಎಳೆದುಕೊಂಡಾಗ ಮೂವತ್ತೇಳು, ಬಿಟ್ಟಾಗ ಮೂವತ್ತೇಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ಅಳತೆ ತೆಗೆಯೋವಾಗ ಎಲ್ಲರೂ ಉಸಿರು ಹಿಡೀತಾರೆ. ಬಿಡಿ ಅಂದ್ರೆ ಬಿಡ್ತಾರೆ, ಒಂದೂವರೆ ಎರಡಿಂಚು ಇಳಿಯುತ್ತೆ. ಮೂವತ್ತು ವರ್ಷದಲ್ಲಿ ಇಳೀದೇ ಇರೋ ಎದೆ ಇವತ್ತೇ ನೋಡ್ತಿರೋದು. ನೀವು ಬಿಟ್ಟೇ ಇಲ್ಲ ಮೇಡಂ. ಬಿಟ್ಟಿದೀನಿ ಅಂದ್ಕೊಂಡಿದೀರ.”

ಆಮೇಲೆ ತಗ್ಗಿದ ದನಿಯಲ್ಲಿ “ಅವತ್ತು ಟೈರಿಗೇನೂ ಆಗಿರ್ಲಿಲ್ಲ, ಅಲ್ವಾ?” ಅಂದರು.

“ಕೋಟು ಯಾವಾಗ ಸಿಗುತ್ತೆ?” ಅಂತ ಕೇಳಿ ಹೊರಟು ಬಂದೆ. ನನಗೆ ಉಸಿರಾಡಲು ಬರುವುದಿಲ್ಲವಂತೆ! ಹುಟ್ಟಿದಾಗಿನಿಂದ ಮಾಡುತ್ತಿರುವ ಒಂದೇ ಕೆಲಸ ಅದು.

ಮಾರ್ಚ್ 29, ಶನಿವಾರ

ನಾಲ್ಕು ದಿನ ನನ್ನನ್ನೇ ಕಾದು ನೋಡಿದೆ. ಟೇಲರಮ್ಮ ಹೇಳಿದ್ದು ನಿಜ. ಕಲಿಯುವವರು ಕೀಲಿ ತಿರುಗಿಸಿದ ಕೂಡಲೇ ನನ್ನ ಉಸಿರು ಮೇಲೆ ಹೋಗಿ ಅಲ್ಲೇ ಕೂರುತ್ತದೆ. ಅದರ ಮೇಲೆಯೇ ಚಿಕ್ಕ ಚಿಕ್ಕದಾಗಿ ಇನ್ನಷ್ಟು ಎಳೆದುಕೊಳ್ಳುತ್ತೇನೆ. ಪೂರ್ತಿ ಬಿಡುವುದು ಗಾಡಿ ನಿಂತ ಮೇಲೆ.

ಇವತ್ತು ಇನ್ನೊಂದು. ಕಾರನ್ನು ಸರ್ವಿಸಿಗೆ ಬಿಟ್ಟಿದ್ದೆ. ಗ್ಯಾರೇಜಿನವರು ನನ್ನ ಕಡೆಯ ಬ್ರೇಕ್ ಪೆಡಲಿನ ರಬ್ಬರ್ ಕಿತ್ತು ಅಂಗೈ ಮೇಲಿಟ್ಟುಕೊಂಡು ಬಂದರು. ಸವೆದು ನುಣ್ಣಗಾಗಿ ಕಬ್ಬಿಣ ಕಾಣುತ್ತಿತ್ತು.

“ಮೇಡಂ, ಇದನ್ನ ಡಿಸೆಂಬರ್ ಮೊದಲ ವಾರ ತಾನೇ ಹೊಸದು ಹಾಕಿದ್ದು? ಕಲಿಯೋರ ಕಡೆದು ನೋಡಿ, ಹೊಸದರ ಹಾಗಿದೆ. ಕಾರು ಓಡಿಸ್ತಿರೋದು ಅವರಾ, ನೀವಾ?”

ಗ್ಯಾರೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬರುವಷ್ಟರಲ್ಲಿ ನಗು ಹೋಗಿತ್ತು.

ಟೇಲರಮ್ಮನ ಬ್ರೇಕು ಬೆಣ್ಣೆಯ ಹಾಗಿರುವುದು ಯಾಕೆ? ಒತ್ತುತ್ತಿರುವುದು ನಾನು. ಅವರ ಕಾಲು ಬ್ರೇಕಿಗೆ ಹೋಗುವ ಮೊದಲೇ ನನ್ನದು ಒಂಚೂರು ಒತ್ತಿರುತ್ತದೆ. ಗಾಡಿ ನಿಧಾನವಾಗುತ್ತದೆ, ತಾವೇ ನಿಲ್ಲಿಸಿದೆವು ಎಂದು ಅವರು ಅಂದುಕೊಳ್ಳುತ್ತಾರೆ. ಪರೀಕ್ಷೆಯ ದಿನ ನನ್ನ ಸೀಟಿನಲ್ಲಿ ಪರೀಕ್ಷಕರು ಕೂರುತ್ತಾರೆ. ಅವರ ಕಾಲು ಸುಮ್ಮನಿರುತ್ತದೆ.

ಅಣ್ಣನ ಆಫೀಸಿಗೆ ಹೋಗಿ ಒಂಬತ್ತು ಕಾರ್ಡೂ ತಿರುಗಿಸಿ ನೋಡಿದೆ. ಬ್ರೇಕು ತಡ. ಬ್ರೇಕು ತಡ. ಬ್ರೇಕು ತಡ. ಒಂಬತ್ತಕ್ಕೆ ಎಂಟು. ತಲೆಯಲ್ಲಿ ಕಲ್ಲು ತುಂಬಿದ್ದು ಯಾರಿಗೆ?

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಅವರು ತಟ್ಟೆಯಿಂದ ತಲೆ ಎತ್ತದೆ “ಮೇಜಿನ ಕೆಳಗೂ ಒತ್ತುತೀಯ. ಈಗಲೂ ಒತ್ತುತಾ ಇದ್ದೀಯ” ಅಂದರು. ಬಗ್ಗಿ ನೋಡಿದೆ. ಬಲಗಾಲು ನೆಲಕ್ಕೆ ಊರಿಕೊಂಡು ಬೆರಳೆಲ್ಲ ಬೆಳ್ಳಗಾಗಿತ್ತು.

ಏಪ್ರಿಲ್ 2, ಬುಧವಾರ

ಮಾರುಕಟ್ಟೆಯ ಎದುರಿನ ಡಾಕ್ಟರಮ್ಮನ ಹತ್ತಿರ ಹೋದೆ. ಈ ಸಲ ಕಾಯಿಲೆ ಹೇಳಲಿಲ್ಲ. ಡೈರಿ, ರಬ್ಬರಿನ ಚೂರು, ಟೇಪಿನ ಲೆಕ್ಕ, ಮೂರನ್ನೂ ಮೇಜಿನ ಮೇಲಿಟ್ಟೆ. ಅವರು ಡೈರಿಯನ್ನು ಪೂರ್ತಿ ಓದಿದರು. ಹೊರಗೆ ಕಾಯುತ್ತಿದ್ದವರು ಕೆಮ್ಮಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ರಬ್ಬರ್ ಡಿಸೆಂಬರಿನದು. ಡಿಸೆಂಬರಲ್ಲಿ ಏನಾಯ್ತು?”

“ಏನೂ ಆಗಿಲ್ಲ.”

“ಇಲ್ಲಿ ದಿನಾ ಏನೂ ಆಗಲಿಲ್ಲ ಅಂತ ಬರೆದಿದೀರ. ಏನೂ ಆಗದೇ ಇದ್ದದ್ದನ್ನ ಯಾರಾದರೂ ಬರೀತಾರಾ? ಡಿಸೆಂಬರಲ್ಲಿ ಏನೂ ಆಗದ ದಿನ ಯಾವುದು, ಹೇಳಿ.”

ಎಂಥ ಪ್ರಶ್ನೆ ಎಂದುಕೊಂಡೆ. ಆದರೆ ಬಾಯಿ ತಾನಾಗಿಯೇ ಹೇಳತೊಡಗಿತ್ತು. ಶಾಲೆಯ ಮುಂದೆ ಜನ ದಾಟುವ ಬಿಳಿ ಪಟ್ಟೆ, ಜೀಬ್ರಾ ಕ್ರಾಸಿಂಗ್. ಮಧ್ಯಾಹ್ನ ಹನ್ನೆರಡೂವರೆ. ಒಬ್ಬ ಅಜ್ಜ ಕೋಲೂರಿಕೊಂಡು ದಾಟುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಹೊಸಬರು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದರು. ಗಾಡಿ ಹಾರಿತು. ನಾನು ಬ್ರೇಕು ಒತ್ತಿದೆ, ಎರಡೂ ಕಾಲಲ್ಲಿ. ಕಾರಿನ ಮೂತಿ ಕೋಲಿಗೆ ತಗುಲಿ ಕೋಲು ಬಿತ್ತು. ಅಜ್ಜ ಬೀಳಲಿಲ್ಲ. ಬಗ್ಗಿ ಕೋಲು ಎತ್ತಿಕೊಂಡು, ನನ್ನ ಕಡೆ ನೋಡಿ ನಕ್ಕು, ಪರವಾಗಿಲ್ಲ ಎಂದು ಕೈ ಎತ್ತಿ ಹೋದರು. ನಾವೂ ನಕ್ಕೆವು. ಕಾರ್ಡಿನಲ್ಲಿ “ಪೆಡಲ್ ಗೊಂದಲ, ಏನೂ ಆಗಲಿಲ್ಲ” ಎಂದು ಬರೆದು ಸಹಿ ಹಾಕಿ ಊಟಕ್ಕೆ ಹೋದೆ. ನಮ್ಮ ಕೆಲಸದಲ್ಲಿ ಏನೂ ಆಗದ ದಿನವೆಂದರೆ ಒಳ್ಳೆಯ ದಿನ.

ಹೇಳಿ ಮುಗಿಸಿದಾಗ ನಾನು ಅಳುತ್ತಿದ್ದೆ. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಆ ಅಜ್ಜನ ಕೈ ಮಾತ್ರ ಕಣ್ಣ ಮುಂದೆ ಇತ್ತು.

ಡಾಕ್ಟರಮ್ಮ ಇದಕ್ಕೆ ಪ್ಯಾನಿಕ್ ಎಂಬ ಹೆಸರು ಹೇಳಿದರು. ಹೃದಯದಲ್ಲಿ ದೋಷವಿಲ್ಲ, ಆದರೆ ಬರುವುದು ಸುಳ್ಳೂ ಅಲ್ಲ. ಉಸಿರು ಬಿಡದೆ ಎಳೆದುಕೊಳ್ಳುತ್ತಲೇ ಇದ್ದರೆ ಬೆರಳು ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ, ಅದಕ್ಕೆ ಹೆದರಿ ಇನ್ನಷ್ಟು ಎಳೆದುಕೊಳ್ಳುತ್ತೇವೆ.

“ಅಂದ್ರೆ ಇದೆಲ್ಲ ನನ್ನ ತಲೆಯೊಳಗಿಂದು ಅಂತೀರಾ?” ರೇಗಿಯೇ ಕೇಳಿದೆ.

“ನಿಮ್ಮ ಕಾಲೊಳಗಿಂದು ಅಂತಿಟ್ಕೊಳ್ಳಿ. ಅವತ್ತು ಬ್ರೇಕು ಒತ್ತಿದ ಕಾಲನ್ನ ನೀವಿನ್ನೂ ಎತ್ತಿಲ್ಲ.”

ಗುಣವಾಗುತ್ತದಂತೆ. ವಾರಕ್ಕೊಮ್ಮೆ ಅವರ ಪರಿಚಯದ ಆಪ್ತಸಲಹೆಗಾರರ ಹತ್ತಿರ ಹೋಗಬೇಕು. ದಿನಾ ಎರಡು ಹೊತ್ತು ಉಸಿರಿನ ಅಭ್ಯಾಸ, ಎಳೆಯುವುದಕ್ಕಿಂತ ಬಿಡುವುದು ಉದ್ದ. ಎರಡು ವಾರ ರಸ್ತೆಯಲ್ಲಿ ಕಲಿಸುವಂತಿಲ್ಲ, ಖಾಲಿ ಮೈದಾನದಲ್ಲಿ ಮಾತ್ರ. ಒಂಬತ್ತನೇ ಪ್ರಶ್ನೆಗೆ ಹೌದು ಎಂದು ಬರೆಯಬೇಕು, ಜೊತೆಗೆ ಅವರೊಂದು ಪತ್ರ ಕೊಡುತ್ತಾರೆ.

“ಹೌದು ಅಂದ್ರೆ ಸೀಟು ಹೋದ್ರೆ?”

“ಹೋಗಬಹುದು. ಆ ಮಾತು ನಾನು ಕೊಡಲಾರೆ” ಅಂದರು. ಸುಳ್ಳು ಧೈರ್ಯ ಹೇಳಲಿಲ್ಲ, ಅದೊಂದು ಹಿಡಿಸಿತು.

ಏಪ್ರಿಲ್ 3, ಗುರುವಾರ

ಅಣ್ಣನಿಗೆ ಎಲ್ಲ ಹೇಳಿದೆ. ಒಂಬತ್ತು ಕಾರ್ಡಿನ ಕಥೆಯನ್ನೂ. ತಮಾಷೆ ಮಾಡುತ್ತಾನೆ ಎಂದು ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಮಾಡಲಿಲ್ಲ. ಕಿಟಕಿಯ ಕಡೆ ತಿರುಗಿಕೊಂಡು “ನಾಲ್ಕು ತಿಂಗಳು ಪಕ್ಕದ ಕೋಣೆಯಲ್ಲೇ ಇದ್ದೆ. ನನಗೆ ಹೇಳಬೇಕು ಅನ್ನಿಸ್ಲಿಲ್ವಾ?” ಅಂದ. ಒಂಬತ್ತು ಕಾರ್ಡನ್ನೂ ಜೋಡಿಸಿ ಅವನ ಮೇಜಿನ ಮೇಲಿಟ್ಟೆ.

ರಸ್ತೆ ಪಾಠವೆಲ್ಲ ತಾನು ನೋಡಿಕೊಳ್ಳುತ್ತಾನಂತೆ. ಹೊರಡುವಾಗ “ಮೈದಾನದಲ್ಲಿ ಗೋಲ್ ಕಂಬಕ್ಕೆ ಗುದ್ದಿದ್ರೆ ನಿನ್ನ ಹೆಸರಲ್ಲೇ ಬರೀತೀನಿ” ಅಂದ. ಆಗ ಸಮಾಧಾನವಾಯಿತು.

ಏಪ್ರಿಲ್ 7, ಸೋಮವಾರ

ಟೇಲರಮ್ಮನಿಗೆ ಮೈದಾನದ ನಡುವೆ ಗಾಡಿ ನಿಲ್ಲಿಸಿ ಹೇಳಿದೆ. ನಿಮ್ಮ ಎರಡು ಸೋಲೂ ನನ್ನವು, ನಿಮ್ಮ ಬ್ರೇಕನ್ನು ನಾನೇ ಒತ್ತಿದೆ, ನೀವು ಕಲಿಯಲು ನಾನು ಬಿಡಲಿಲ್ಲ.

ಉಸಿರಿನ ಗುಟ್ಟು ಕಂಡುಹಿಡಿದವರು, ಅರ್ಥ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಕೆಂಪಾಯಿತು.

“ಎರಡು ಸಲ ಮನೆಗೆ ಹೋಗಿ ಬಾಗಿಲು ಹಾಕ್ಕೊಂಡು ಅತ್ತಿದೀನಿ ಮೇಡಂ. ನನ್ನ ಕೈಲಾಗಲ್ಲ, ವಯಸ್ಸಾಯ್ತು, ವ್ಯಾನು ಮಾರಿಬಿಡೋಣ ಅಂತ. ಹಾಸಿಗೆ ಹಿಡಿದಿರೋ ಒಬ್ಬ ಮೇಷ್ಟ್ರಿಗೆ ಕೋಟು ಹೊಲ್ಕೊಡ್ತೀನಿ ಅಂತ ಜನವರಿಯಲ್ಲಿ ಮಾತು ಕೊಟ್ಟಿದ್ದೆ. ಹೋದ ತಿಂಗಳು ಅವರೇ ಹೋದ್ರು.”

ಇಳಿದು, ಬಾಗಿಲು ಧಡಾರನೆ ಹಾಕಿ, ಮೈದಾನ ದಾಟಿ ನಡೆದೇ ಹೋದರು. ನಾನು ಆ ಸೀಟಿನಲ್ಲೇ ಕೂತಿದ್ದೆ. ಎದೆ ಡವಡವ ಬಂತು. ಬರಲಿ, ಇವತ್ತು ಬರಬೇಕಾದ್ದೇ ಎನಿಸಿತು.

ಏಪ್ರಿಲ್ 9, ಬುಧವಾರ

ಹತ್ತು ಗಂಟೆಗೆ ಸರಿಯಾಗಿ ಟೇಲರಮ್ಮ ಮೈದಾನಕ್ಕೆ ಬಂದರು. ನಮಸ್ಕಾರವಿಲ್ಲ, ನಗುವಿಲ್ಲ. ಚೀಲದಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದು, ಬಗ್ಗಿ, ನನ್ನ ಕಡೆಯ ಬ್ರೇಕಿನ ರಬ್ಬರಿಗೆ ಗಸಗಸ ಉಜ್ಜಿದರು.

“ಒತ್ತಿದ್ರೆ ನಿಮ್ಮ ಚಪ್ಪಲಿ ನೀಲಿ ಆಗುತ್ತೆ. ಯಾರಾದರೂ ಸಾಯೋ ಹಾಗಿದ್ರೆ ಒತ್ತಿ. ಇಲ್ಲಾಂದ್ರೆ ನನ್ನ ಬ್ರೇಕು ನನಗೆ ಬಿಡಿ.”

ಹತ್ತೊಂಬತ್ತು ವರ್ಷದಲ್ಲಿ ನನಗೆ ಯಾರೂ ಹೀಗೆ ಅಪ್ಪಣೆ ಮಾಡಿರಲಿಲ್ಲ. ಖಾಲಿ ಮೈದಾನದಲ್ಲಿ, ಡಬ್ಬಗಳನ್ನು ಅಡ್ಡವಿಟ್ಟು ಒಂದು ಗಂಟೆ ಓಡಿಸಿದೆವು. ಅವರು ನಾಲ್ಕು ಡಬ್ಬ ಉರುಳಿಸಿದರು. ಕೊನೆಗೆ ಚಪ್ಪಲಿ ತಿರುಗಿಸಿ ನೋಡಿದರೆ ಅಂಗಾಲಿನ ಭಾಗವೆಲ್ಲ ಆಕಾಶದ ಬಣ್ಣ. ಒತ್ತಿದ್ದು ಒಂದು ಸಲವೂ ನನಗೆ ನೆನಪಿಲ್ಲ.

“ನಾಳೆ ಹತ್ತಕ್ಕೆ” ಅಂದರು.

ಏಪ್ರಿಲ್ 12, ಶನಿವಾರ

ಡಬ್ಬ: ಒಂದು ಬಿತ್ತು. ಚಪ್ಪಲಿ: ಅರ್ಧ ನೀಲಿ.

ನನ್ನ ಅಭ್ಯಾಸದ ಲೆಕ್ಕ: ಮೂರು ಎಣಿಸುವವರೆಗೆ ಎಳೆಯುವುದು, ಆರರವರೆಗೆ ಬಿಡುವುದು. ಮೊದಲ ದಿನ ನಾಲ್ಕಕ್ಕೇ ಗಾಬರಿಯಾಗಿ ನಿಂತಿದ್ದೆ. ಇವತ್ತು ಆರಕ್ಕೆ ಮುಟ್ಟಿದೆ. ಇವರೂ ಪಕ್ಕದಲ್ಲಿ ಕೂತು ಮಾಡುತ್ತಾರೆ, ಮೂರನೇ ಸುತ್ತಿಗೆ ಗೊರಕೆ ಹೊಡೆಯುತ್ತಾರೆ.

ಆಪ್ತಸಲಹೆಗಾರರು ಕೋಲಿನ ಅಜ್ಜನ ಕಥೆಯನ್ನು ಮತ್ತೆ ಹೇಳಿಸಿದರು. ಈ ಸಲ ಅಜ್ಜನ ಅಂಗಿಯ ಗುಂಡಿ ಬಿಚ್ಚಿದ್ದದ್ದು ಕೂಡ ನೆನಪಾಯಿತು.

ಏಪ್ರಿಲ್ 17, ಗುರುವಾರ

ಡಾಕ್ಟರಮ್ಮ ನೋಡಿ ರಸ್ತೆಗೆ ಹೋಗಲು ಒಪ್ಪಿದರು. ಒಂದೇ ಷರತ್ತು, ಬಂದರೆ ಮುಚ್ಚಿಡಬಾರದು.

ಬಂತು. ಸೇತುವೆಯ ಈಚೆ. ಟೈರು, ಸದ್ದು ಎಲ್ಲ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡು “ನನಗೆ ಬಂದಿದೆ. ಪಕ್ಕಕ್ಕೆ ನಿಲ್ಸಿ” ಅಂದೆ.

ಟೇಲರಮ್ಮ ಗಾಬರಿಯಾಗಲಿಲ್ಲ. ಕನ್ನಡಿ ನೋಡಿದರು. ಇಂಡಿಕೇಟರ್ ಹಾಕಿದರು. ಹಿಂದಿನ ಲಾರಿಗೆ ದಾರಿ ಬಿಟ್ಟು, ನಿಧಾನವಾಗಿ ಅಂಚಿಗೆ ತಂದು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಒಂದು ತಪ್ಪಿಲ್ಲ. ಆ ಸ್ಥಿತಿಯಲ್ಲೂ ನೋಡಿದೆ.

“ಏನು ಮಾಡ್ಲಿ?”

“ಏನೂ ಬೇಡ. ಎಣಿಸಿ.”

ಅವರು ಎಣಿಸಿದರು, ನಾನು ಉಸಿರು ಬಿಟ್ಟೆ. ಹೋಯಿತು. ಹೊರಡುವ ಮುನ್ನ ಅವರು ಬಗ್ಗಿ ನನ್ನ ಚಪ್ಪಲಿ ನೋಡಿ “ಇವತ್ತು ತುದಿ ಹತ್ರ ಮಾತ್ರ” ಅಂದರು. ಮೊದಲ ಸಲ ನಕ್ಕರು.

ಏಪ್ರಿಲ್ 24, ಗುರುವಾರ

ಪರೀಕ್ಷೆ. ಬೇಕಾದರೆ ಕಲಿಸಿದವರು ಹಿಂದಿನ ಸೀಟಿನಲ್ಲಿ ಕೂರಬಹುದು. ನಾನು ಯಾವತ್ತೂ ಕೂತವಳಲ್ಲ, ಹೊರಗೆ ಬೆಂಚಿನ ಮೇಲೆ ಕಾಯುತ್ತೇನೆ. “ಬನ್ನಿ” ಅಂದರು ಟೇಲರಮ್ಮ. “ನನಗೋಸ್ಕರ ಅಲ್ಲ. ನೀವು ನೋಡಬೇಕು.”

ನನ್ನ ಸೀಟಿನಲ್ಲಿ ಪರೀಕ್ಷಕರು. ನಾವು ಅವರಿಗೆ ಇಟ್ಟ ಹೆಸರು ಮೌನಿ, ತಿರುಗು ನಿಲ್ಲು ಬಿಟ್ಟರೆ ಮೂರನೇ ಮಾತಿಲ್ಲ. ಹಿಂದಿನಿಂದ ನೋಡಿದರೆ ರಸ್ತೆ ಬೇರೆಯೇ. ಹಿಡಿಯಲು ಏನೂ ಇಲ್ಲ, ಒತ್ತಲು ಏನೂ ಇಲ್ಲ.

ಮೌನಿ ಶಾಲೆಯ ರಸ್ತೆಗೇ ತಿರುಗಿಸಿದರು. ಅದೇ ಜೀಬ್ರಾ ಕ್ರಾಸಿಂಗ್ ಬಂತು. ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು, ಫೋನಿನಲ್ಲಿ ಮಾತಾಡುತ್ತ, ಎತ್ತಲೂ ನೋಡದೆ ರಸ್ತೆಗೆ ಇಳಿದರು. ನನ್ನ ಎರಡೂ ಕಾಲು ಕಾರಿನ ನೆಲವನ್ನು ಒತ್ತಿದವು. ಅಲ್ಲಿ ಬ್ರೇಕು ಇರಲಿಲ್ಲ. ಕೂಗಲು ಉಸಿರೇ ಇಲ್ಲ.

ಕಾರು ನಿಂತಿತು. ಪಟ್ಟೆಗಿಂತ ಒಂದು ಮಾರು ಹಿಂದೆ. ಹೆಂಗಸು ಮಾತಾಡುತ್ತಲೇ ದಾಟಿ ಹೋದರು. ಮಗು ನಮ್ಮ ಕಡೆ ನೋಡಿತು. ನಿಲ್ಲಿಸಿದ್ದು ನಾನಲ್ಲ. ಟೇಲರಮ್ಮನ ಕಾಲು.

ನಾನು ಹಿಂದೆ ಕೂತು ಉಸಿರು ಬಿಟ್ಟೆ. ಎಷ್ಟು ಉದ್ದವಾಗಿ ಬಿಟ್ಟೆನೆಂದರೆ ಮೌನಿ ಕನ್ನಡಿಯಲ್ಲಿ ನೋಡಿದರು. “ಚೆನ್ನಾಗಿ ನಿಲ್ಲಿಸಿದ್ರಿ” ಅಂದರು ಮೌನಿ. ನನಗಲ್ಲ.

ಪಾಸು. ಹೊರಗೆ ಬಂದು ಟೇಲರಮ್ಮ ನನ್ನನ್ನು ತಬ್ಬಿಕೊಂಡರು, ನಾನೂ ಅತ್ತೆ, ಬೆಂಚಿನ ಮೇಲಿದ್ದವರೆಲ್ಲ ನಾವು ಫೇಲಾದೆವು ಎಂದುಕೊಂಡಿರಬೇಕು.

ಏಪ್ರಿಲ್ 30, ಬುಧವಾರ

ಪೆನ್ಸಿಲ್ಲಿನ ಗುರುತು ಅಳಿಸಿ, ಒಂಬತ್ತನೇ ಪ್ರಶ್ನೆಗೆ ಶಾಯಿಯಲ್ಲಿ “ಹೌದು” ಎಂದು ಬರೆದೆ. ಕೆಳಗಿನ ವಿವರದ ಜಾಗ ಸಾಲಲಿಲ್ಲ, ಹಾಳೆ ಸೇರಿಸಿದೆ. ಡಿಸೆಂಬರಿನಿಂದ ಶುರುಮಾಡಿ ಎಲ್ಲ ಬರೆದೆ, ಎಂಟು ಜನರ ಬ್ರೇಕಿನ ಸಮೇತ. ಕೌಂಟರಿನವರು ಹಾಳೆ ಎಣಿಸಿ “ಎಲ್ಲರೂ ಇಲ್ಲ ಅಂತ ಹಾಕ್ತಾರೆ ಮೇಡಂ” ಅಂದರು.

“ಗೊತ್ತು, ನಾನೂ ಹಾಕಿದ್ದೆ” ಅಂದೆ.

ಉತ್ತರ ಬರುವವರೆಗೆ ಆ ಸೀಟಿನಲ್ಲಿ ಕೂರುವಂತಿಲ್ಲ. ಆ ಎಂಟರಲ್ಲಿ ಉಳಿದ ಏಳು ಜನಕ್ಕೆ ಫೋನು ಮಾಡಿ ತಪ್ಪು ಒಪ್ಪಿಕೊಂಡೆ. ಇಬ್ಬರು ಬೈದರು. ಬ್ಯಾಂಕಿನ ಗುಮಾಸ್ತರು “ಅಂದ್ರೆ ನನಗೆ ಡ್ರೈವಿಂಗ್ ಬರುತ್ತೆ ಅಂತ ಅರ್ಥನಾ, ಬರಲ್ಲ ಅಂತ ಅರ್ಥನಾ?” ಎಂದು ಕೇಳಿದರು. ಅಣ್ಣ ಕಲಿಸಿ ನೋಡಿದ ಮೇಲೆ ಹೇಳುತ್ತಾನೆ ಅಂದೆ.

ಮೇ 22, ಗುರುವಾರ

ಪತ್ರ ಬಂತು. ಆರು ತಿಂಗಳಿಗೆ ಪರವಾನಗಿ, ಷರತ್ತಿನ ಮೇಲೆ. ತಿಂಗಳಿಗೊಮ್ಮೆ ಡಾಕ್ಟರಮ್ಮನ ಚೀಟಿ ಕಳಿಸಬೇಕು. ಆಮೇಲೆ ಮತ್ತೆ ನೋಡುತ್ತಾರಂತೆ. ನೋಡಲಿ, ನಾನೂ ನೋಡುತ್ತೇನೆ.

ಸೋಮವಾರದಿಂದ ಕೆಲಸ. ಕೋಟು ತೆಗೆದು ಹಾಕಿಕೊಂಡೆ. ಗುಂಡಿ ಹಾಕಿ ಉಸಿರೆಳೆದರೆ ಬೆನ್ನಿನಲ್ಲಿ ಚರ್ರೆಂದು ಹಿಡಿಯಿತು. ಏಪ್ರಿಲ್ಲಿನಲ್ಲಿ ಟೇಲರಮ್ಮ ಹೊಲಿದು ಕೊಟ್ಟಾಗ ಸರಿಯಾಗಿತ್ತು. ದಪ್ಪಗಾದೆನಾ? ಇವರ ಜೊತೆ ಕಾರಿನಲ್ಲಿ ಟೇಲರಮ್ಮನ ಅಂಗಡಿಗೆ ಹೊರಟೆ. ದಾರಿಯಲ್ಲಿ ನಿದ್ದೆ ಬಂದುಬಿಟ್ಟಿತ್ತು, ಸೇತುವೆ ಯಾವಾಗ ದಾಟಿದೆವೋ ಗೊತ್ತಿಲ್ಲ. ಇವರೇ ಎಬ್ಬಿಸಿದರು.

ಅಂಗಡಿಗೆ ಬೀಗ. ವ್ಯಾನು ಇರಲಿಲ್ಲ. ಮಳೆಗೆ ನೆನೆದ ರಸ್ತೆಯಲ್ಲಿ, ವ್ಯಾನು ನಿಲ್ಲುತ್ತಿದ್ದ ಜಾಗ ಮಾತ್ರ ಒಂದು ಚೌಕ ಒಣ ನೆಲ. ಅರ್ಧ ಗಂಟೆ ಕಾದೆವು. ವ್ಯಾನು ತಿರುವಿನಲ್ಲಿ ಇಂಡಿಕೇಟರ್ ಹಾಕಿಕೊಂಡು ಬಂತು. ಇಳಿದ ಟೇಲರಮ್ಮ ನನ್ನ ದೂರು ಕೇಳಿ, ಟೇಪು ತೆಗೆದು ನನ್ನ ಎದೆಗೆ ಸುತ್ತಿದರು.

“ಬಿಡಿ.” ಮೂವತ್ತೈದು. “ಎಳ್ಕೊಳ್ಳಿ.” ಮೂವತ್ತೆಂಟೂವರೆ.

“ಅಯ್ಯೋ, ಹೊಸ ಕೋಟು. ಈಗ ಏನು ಮಾಡೋದು?” ಅಂದೆ.

ಟೇಲರಮ್ಮ ಕೋಟನ್ನು ಒಳಹೊರಗು ಮಾಡಿ ಪಕ್ಕದ ಹೊಲಿಗೆ ತೋರಿಸಿದರು. ಒಳಗೆ ಎರಡೂ ಕಡೆ ದಪ್ಪ ಮಡಿಕೆ, ಒಂದೊಂದು ಇಂಚಿನಷ್ಟು ಬಟ್ಟೆ ಮಡಚಿ ಸಡಿಲವಾಗಿ ಹೊಲಿದಿತ್ತು.

“ಮಾರ್ಚಲ್ಲೇ ಬಿಟ್ಟಿದ್ದೆ” ಎಂದು ಹೇಳಿ, ಕತ್ತರಿ ತಗೊಂಡು ಹೊಲಿಗೆ ಬಿಚ್ಚತೊಡಗಿದರು.